ಗೋಡೆಯೂ ಒಂದು ಕೈ

ಏಣಿಮಲ್ಲನ ಎರಡೂ ಕೈ ನೆಟ್ಟಗಿದ್ದಷ್ಟು ದಿನ ಅವನನ್ನು ಮೀರಿಸುವ ಕೆಲಸಗಾರ ಆ ಗುಡ್ಡದ ಮೇಲೆ ಇರಲಿಲ್ಲ. ಗಾಳಿಯಿಂದ ವಿದ್ಯುತ್ ತೆಗೆಯುವ ನೂರಿಪ್ಪತ್ತು ಮೀಟರ್ ಎತ್ತರದ ಗೋಪುರದ ಒಳಗಿನ ಏಣಿಯನ್ನು ಹದಿನಾರು ನಿಮಿಷದಲ್ಲಿ ಹತ್ತುತ್ತಿದ್ದ. ತುದಿಯ ಯಂತ್ರಕೋಣೆಯಲ್ಲಿ ಗ್ರೀಸ್ ಹಚ್ಚಿ, ಬೋಲ್ಟು ಬಿಗಿದು, ಸವೆದ ಭಾಗ ಬದಲಿಸಿ ಇಳಿದು ಬರುತ್ತಿದ್ದ. ಕಂಪನಿಯ ಕಾಗದಗಳಲ್ಲಿ ಆ ರೋಬೋಟಿಗೆ ಉದ್ದನೆಯ ಒಂದು ಸಂಖ್ಯೆಯಿತ್ತು. ಏಣಿಮಲ್ಲ ಎಂಬುದು ಕಾವಲುಗಾರರು ಇಟ್ಟ ಹೆಸರು. ಇಷ್ಟೆಲ್ಲ ಬಲ್ಲವನು ಒಂದು ಕೈಯ ಮೋಟರು ಸುಟ್ಟಿತೆಂದರೆ, ಇನ್ನೊಂದು ಕೈ ಎಷ್ಟೇ ಚೆನ್ನಾಗಿದ್ದರೂ, ನಿಂತಲ್ಲೇ ನಿಂತುಬಿಡುತ್ತಿದ್ದ. ಹೊಸ ಕೈ ಸಮುದ್ರದಾಚೆಯಿಂದ ಬರಲು ಮೂರು ವಾರ ಬೇಕು. ಅಲ್ಲಿಯತನಕ ಗೋಪುರವೂ ನಿಂತಿರಬೇಕು.

ಇದಕ್ಕೆ ಕಾರಣ ಅವನು ಕಲಿತ ರೀತಿ. ನಾಲ್ಕು ಸಾವಿರ ಕೆಲಸಗಾರರು ಸಂವೇದಕಗಳಿರುವ ಕೈಗವಸು ತೊಟ್ಟು ಕೆಲಸ ಮಾಡಿದ್ದರು. ಅವರ ಬೆರಳು ಎಲ್ಲಿ ಬಾಗಿತು, ಎಷ್ಟು ಒತ್ತಿತು ಎಂಬುದೆಲ್ಲ ದಾಖಲಾಗಿ, ಚಲನೆಗಳ ಒಂದು ದೊಡ್ಡ ಭಂಡಾರವಾಗಿತ್ತು. ಜಗತ್ತಿನ ಎಲ್ಲ ರೋಬೋಟುಗಳು ಓದುವುದು ಆ ಭಂಡಾರವನ್ನೇ. ಆ ನಾಲ್ಕು ಸಾವಿರ ಮಂದಿಗೂ ಎರಡೆರಡು ಕೈಗಳಿದ್ದವು. ಡಬ್ಬಿ ತೆರೆಯುವುದೆಂದರೆ ಒಂದು ಕೈ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು. ಹಿಡಿಯುವ ಕೈ ಇಲ್ಲದಿದ್ದರೆ ಏನು ಮಾಡಬೇಕೆಂದು ಯಾರೂ ಯಂತ್ರಕ್ಕೆ ಹೇಳಿರಲಿಲ್ಲ, ಏಕೆಂದರೆ ಹಾಗೆ ಕೇಳಿಕೊಳ್ಳುವ ಪ್ರಸಂಗ ಆ ನಾಲ್ಕು ಸಾವಿರ ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ದಾಕ್ಷಾಯಣಿ ಕೊಪ್ಪದ ಎಂಬವಳು ಅದನ್ನು ಕೇಳಿದಳು. ಅವಳು ಬೆಟಗೇರಿಯ ದರ್ಜಿ. ಹುಟ್ಟುವಾಗ ಬಲಭುಜದ ನರ ಜಗ್ಗಿ ಹರಿದದ್ದರಿಂದ ಆ ಕೈ ಮೂವತ್ತೆಂಟು ವರ್ಷಗಳಿಂದ ಮೈಗೆ ಜೋತುಬಿದ್ದಿತ್ತು. ಮೊಣಕೈ ತುಸು ಮಡಚುತ್ತಿತ್ತು, ತೋಳನ್ನು ಮೈಗೆ ಒತ್ತಲು ಬರುತ್ತಿತ್ತು, ಬೆರಳುಗಳು ಏನನ್ನೂ ಹಿಡಿಯುತ್ತಿರಲಿಲ್ಲ. ಗುಡ್ಡದ ಮೇಲಿನ ವಾಯುಧಾರಾ ಕಂಪನಿಯ ಕೆಲಸಗಾರರಿಗೆ ಹೊಲಿದ ಸಮವಸ್ತ್ರಗಳ ಗಂಟನ್ನು ಕೊಡಲು ಹೋದಾಗ, ಶೆಡ್ಡಿನಲ್ಲಿ ಏಣಿಮಲ್ಲ ಒಂದು ಗ್ರೀಸ್ ಡಬ್ಬಿಯ ಎದುರು ಕಂಬದಂತೆ ನಿಂತಿದ್ದ.

"ಯಾಕ್ರಿ, ಇಂವಾ ಹಿಂಗ್ಯಾಕ ನಿಂತಾನ?"

"ಎಡಗೈ ಹೋಗೈತ್ರಿ," ಎಂದಳು ಅಲ್ಲಿದ್ದ ತಸ್ನೀಮ್ ಮುಲ್ಲಾ. ಅವಳು ನಿಯಂತ್ರಣ ಕೊಠಡಿಯ ಎಂಜಿನಿಯರ್.

"ಹೋದ್ರ ಹೋಗ್ಲಿ. ಇನ್ನೊಂದ ಐತೆಲ್ಲ!" ಎಂದು ದಾಕ್ಷಾಯಣಿ ಡಬ್ಬಿ ಎತ್ತಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಳ ತೆಗೆದು ಅವನ ಮುಂದಿಟ್ಟು ಹೋದಳು. ಮರುದಿನ ತಸ್ನೀಮ್ ಎಡಗೈಯ ಗವಸೊಂದನ್ನು ಹಿಡಿದು ಬೆಟಗೇರಿಗೆ ಬಂದಳು.

ಎಂಟು ತಿಂಗಳಲ್ಲಿ ಅದು ಒಂದು ಉದ್ಯೋಗವಾಯಿತು. ದಾಕ್ಷಾಯಣಿ ಒಂಟಿಗೈಯ ಚಲನೆಗಳನ್ನು ದಾಖಲಿಸುತ್ತಿದ್ದಳು. ಬೆಟಗೇರಿಯವನೇ ಆದ ಮೌನೇಶ ಬಡಿಗೇರ ಅವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಯಂತ್ರಕ್ಕೆ ತಿಳಿಯುವಂತೆ ಜೋಡಿಸುತ್ತಿದ್ದ. ಲಕ್ಷ್ಮೇಶ್ವರದ ಒಂದು ಖಾನಾವಳಿಯ ಕಲಕುವ ಯಂತ್ರಕ್ಕೆ ಅವಳ ಚಲನೆ ಹೋಯಿತು. ಲಕ್ಕುಂಡಿಯಲ್ಲಿ ಲಕ್ವ ಹೊಡೆದ ಮಾಸ್ತರರೊಬ್ಬರ ಮೇಜಿಗೆ ಕೂರಿಸಿದ ಯಂತ್ರದ ತೋಳು ಅವಳ ಹಾಗೆಯೇ ಚಹಾ ಬಟ್ಟಲು ಎತ್ತಿಕೊಡುತ್ತಿತ್ತು. ಇವೆಲ್ಲ ಎತ್ತಿಡುವ, ಒರೆಸುವ, ಕಲಕುವ ಸಣ್ಣ ಕೆಲಸಗಳು. ನಿಜವಾದ ಪರೀಕ್ಷೆ ಇದ್ದದ್ದು ಗುಡ್ಡದ ಮೇಲೆ: ಏಣಿಮಲ್ಲ ಒಂಟಿಗೈಯಲ್ಲಿ ಕೆಲಸ ಮಾಡಬಲ್ಲನೆಂದು ತೋರಿಸಿದರೆ ಬೇರೆ ಬೇರೆ ಗುಡ್ಡಗಳಲ್ಲಿದ್ದ ವಾಯುಧಾರಾದ ನಲವತ್ತೂ ರೋಬೋಟುಗಳಿಗೆ ಇವರಿಬ್ಬರ ಚಲನೆಗಳೇ.

ಆ ಪರೀಕ್ಷೆಯಲ್ಲಿ ಡಬ್ಬಿ ಬಿತ್ತು.

ಏಣಿಮಲ್ಲನ ಎಡಗೈ ಸಂಪರ್ಕ ಕಡಿದು, ಅವಳ ಚಲನೆಯನ್ನು ತುಂಬಿದ್ದರು. ಅವನ ಬಲಮಣಿಕಟ್ಟು ತಿರುಗಿದ ಬಗೆ ಥೇಟ್ ಅವಳದೇ ಆಗಿತ್ತು. ಅವಳ ಎಡಗೈಯನ್ನು ಕನ್ನಡಿಯಲ್ಲಿ ನೋಡಿದಂತೆ ಇತ್ತು. ಆದರೆ ಮುಚ್ಚಳದೊಂದಿಗೆ ಡಬ್ಬಿಯೂ ತಿರುಗಿತು. ಮೇಜಿನಿಂದ ಜಾರಿ, ಉರುಳಿ, ವ್ಯವಸ್ಥಾಪಕ ಕುಲಕರ್ಣಿಯವರ ಬೂಟಿಗೆ ಬಡಿಯಿತು. ಮೂರು ಸಲ ಮಾಡಿದರೂ ಮೂರು ಸಲವೂ ಹಾಗೆಯೇ.

ಕುಲಕರ್ಣಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನಿಮ್ಮ ಕಷ್ಟ ನನಗ ತಿಳೀತದ್ರಿ. ನಿಮ್ಮಂಥವರಿಗೆ ಏನರೆ ಮಾಡಬೇಕಂತ ಕಂಪನೀಗೂ ಮನಸ್ಸದ. ಹಿಂಗ ಮಾಡೂಣು. ಸ್ವಂತ ಧಂದೆ ಗಿಂದೆ ಬಿಟ್ಟು ನಮ್ಮಲ್ಲಿ ನೌಕರಿಗೆ ಬಂದುಬಿಡ್ರಿ. ತಿಂಗಳ ಪಗಾರ, ಪಿಂಚಣಿ, ಎಲ್ಲಾ."

ಅವರು ಮುಂದಿಟ್ಟ ಕಾಗದದಲ್ಲಿ ಮೂರು ಷರತ್ತುಗಳಿದ್ದವು. ನೌಕರಿಯಲ್ಲಿ ಇರುವಷ್ಟು ದಿನ ಅವಳ ಕೈ ಮಾಡುವ ಎಲ್ಲ ಚಲನೆಗಳೂ ಕಂಪನಿಯವು. ಹೊರಗಿನ ಯಾರಿಗೂ ಕೊಡುವಂತಿಲ್ಲ. ಕತ್ತರಿಸುವ ಕೆಲಸಕ್ಕೆ ಕಂಪನಿಯದೇ ತಂತ್ರಾಂಶವಿರುವುದರಿಂದ ಮೌನೇಶನ ಅಗತ್ಯವಿಲ್ಲ.

"ಹದಿನೈದು ದಿನ ಕೊಡ್ರಿ," ಎಂದಳು ದಾಕ್ಷಾಯಣಿ. "ಇನ್ನೊಂದ ಸಲ ತೋರಸ್ತೀನಿ."

"ತೋರಸ್ರಿ. ಆಗಲಿಲ್ಲಂದ್ರ ಈ ಕಾಗದಕ್ಕ ಸಹಿ. ಮತ್ತ ಮೂರನೇ ಪರೀಕ್ಷಾ ಅಂತ ಇರೂದಿಲ್ಲ."

*

"ಸಹಿ ಮಾಡಿ ಬರೂದ ಬಿಟ್ಟು ಹದಿನೈದು ದಿನ ಕೇಳಿ ಬಂದಾಳ ನೋಡ್ರಿ ಶ್ಯಾಣ್ಯಾಕಿ!" ಎಂದು ಅಕ್ಕ ಸುವರ್ಣಾ ಹಿಟ್ಟು ನಾದುತ್ತ ಇಡೀ ಅಡುಗೆಮನೆಗೆ ಕೇಳುವಂತೆ ಹೇಳಿದಳು. ಮನೆಯಲ್ಲಿ ಇದ್ದವರು ಅಕ್ಕತಂಗಿ ಇಬ್ಬರೇ. ಆದರೂ ಸುವರ್ಣಾ ಯಾವಾಗಲೂ ಹತ್ತು ಜನ ಕೂತಿರುವಂತೆಯೇ ಮಾತಾಡುತ್ತಿದ್ದಳು.

"ಸಹಿ ಮಾಡಿದ್ರ ಲಕ್ಕುಂಡಿ ಮಾಸ್ತರಗ ಚಹಾ ಯಾರು ಎತ್ತಿಕೊಡಬೇಕು?"

"ಅವರ ಸೊಸಿ ಎತ್ತಿಕೊಡ್ತಾಳ. ನೀ ಏನು ಊರ ಮಂದಿಗೆಲ್ಲಾ ಕೈ ಹಂಚಾಕ ಹುಟ್ಟಿಯೇನು?"

"ಸೊಸಿ ಎತ್ತಿಕೊಡೂದು ಬ್ಯಾಡಂತನ ಅವರು ಯಂತ್ರ ತಂದಾರಕ್ಕ."

ಸುವರ್ಣಾ ರೊಟ್ಟಿಯನ್ನು ಎರಡೂ ಅಂಗೈಯಿಂದ ತಟ್ಟಿ ಹಂಚಿಗೆ ಹಾಕಿದಳು. "ಮತ್ತ ಆ ಮೌನೇಶ. ಒಂದು ಮಾತಿಗೆ ಒಂದು ತಾಸು ತಗೊಳ್ಳೂ ಮನಷ್ಯಾ. ಮೊನ್ನೆ ನಾ 'ಆರಾಮ ಅದೀರೇನು' ಅಂತ ಕೇಳಿದ್ನಿ. 'ಯಾವುದರ ಬಗ್ಗೆ ಕೇಳುತ್ತಿದ್ದೀರಿ' ಅಂದ! ಅಂಥವನ ಕೂಡ ಏನ ವ್ಯಾಪಾರ ಮಾಡ್ತಿ?"

"ನಿನಗೆ ಹೊಟ್ಟಿನೋವು ಇತ್ತಲ್ಲ, ಅದರ ಬಗ್ಗೆ ಹೇಳಬೇಕಿತ್ತು. ಪಾಪ, ಔಷಧ ಹುಡುಕಿ ಕೊಡತಿದ್ದ."

ಸುವರ್ಣಾ ನಗದೆ ಇರಲು ಪ್ರಯತ್ನಿಸಿ ಸೋತಳು. ಆಮೇಲೆ ದನಿ ಇಳಿಸಿ, "ದಾಕ್ಷಿ, ನನಗ ಇನ್ನೇನ ಬೇಕವಾ. ನಿನಗೊಂದು ಗಟ್ಟಿ ನೆಲಿ ಆಗಲಿ ಅಂತ," ಎಂದಳು. ಗಟ್ಟಿ ನೆಲೆ ದಾಕ್ಷಾಯಣಿಗೂ ಬೇಕಾಗಿತ್ತು. ಬೇರೆಯವರ ಅಂಗಳದಲ್ಲಿ ಬೇಡವಾಗಿತ್ತು, ಅಷ್ಟೇ.

*

ಮೌನೇಶನ ವಯಸ್ಸು ನಲವತ್ನಾಲ್ಕು. ನಾಲ್ಕು ಕಡೆ ನೌಕರಿ ಮಾಡಿ ನಾಲ್ಕೂ ಕಡೆ ಬಿಡಬೇಕಾಗಿ ಬಂದಿತ್ತು. ಟ್ಯೂಬ್‌ಲೈಟಿನ ಮಿಣುಕು ಅವನ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ನಾಲ್ಕು ಜನ ಒಮ್ಮೆಲೇ ಮಾತಾಡಿದರೆ ಯಾವ ಮಾತೂ ಅವನಿಗೆ ಮಾತಾಗಿ ಕೇಳುತ್ತಿರಲಿಲ್ಲ. ಆಟಿಸಂ ಎಂದು ವೈದ್ಯರು ಹೆಸರು ಕೊಟ್ಟದ್ದು ಅವನಿಗೆ ಮೂವತ್ತಾರು ತುಂಬಿದ ಮೇಲೆ. ಅಪ್ಪನ ಬಡಿಗತನದ ಕೋಣೆಯಲ್ಲಿ, ಕಿಟಕಿಯ ಬೆಳಕಿನಲ್ಲಿ, ತನ್ನದೇ ಗತಿಯಲ್ಲಿ ಕೆಲಸ ಶುರುಮಾಡಿದ ಮೇಲೆ ಅವನನ್ನು ಯಾರೂ ಕೆಲಸದಿಂದ ಬಿಡಿಸಿರಲಿಲ್ಲ. ಕಟ್ಟಿಗೆಯ ಜೋಡಣೆಯಲ್ಲಿ ಒಂದು ತುಂಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ನೋಡಿ ಬೆಳೆದವನು, ಈಗ ಚಲನೆಗಳಲ್ಲಿ ಅದನ್ನೇ ನೋಡುತ್ತಿದ್ದ.

ಡಬ್ಬಿ ಬಿದ್ದ ಮೂರನೆಯ ದಿನ ಅವನು ದಾಕ್ಷಾಯಣಿಯನ್ನು ಕರೆದ. ಪರದೆಯ ಮೇಲೆ ಅವಳದೇ ಚಿತ್ರವಿತ್ತು. ಅವಳು ಡಬ್ಬಿ ತೆರೆಯುವುದನ್ನು ಕೋಣೆಯ ಮೂಲೆಯ ಕ್ಯಾಮೆರಾ ಪಕ್ಕದಿಂದ ತೆಗೆದಿತ್ತು.

"ದಾಕ್ಷಾಯಣಿ ಅವರೇ, ನೀವು ಒಂದು ಕೈಯಿಂದ ಡಬ್ಬಿ ತೆರೆಯುವುದಿಲ್ಲ."

"ಹಂಗಂದ್ರ?"

"ಒಂದೂವರೆ ಸೆಕೆಂಡಿನಲ್ಲಿ ಒಂಬತ್ತು ಕಡೆ ಆನುತ್ತೀರಿ. ಹೊಟ್ಟೆ, ಮೇಜಿನ ಅಂಚು, ಬಲ ಮೊಣಕೈ, ಗೋಡೆ, ಗದ್ದ. ಉಳಿದವನ್ನು ಬರೆದಿದ್ದೇನೆ. ಗವಸಿನಲ್ಲಿ ಇವು ಯಾವುವೂ ಇಲ್ಲ. ಆದ್ದರಿಂದ ರೋಬೋಟಿಗೆ ಸಿಕ್ಕಿದ್ದು ಒಂದು ಚಲನೆಯ ಹತ್ತನೇ ಒಂದು ಪಾಲು."

ದಾಕ್ಷಾಯಣಿ ಪರದೆಗೆ ಹತ್ತಿರ ಬಾಗಿ ನೋಡಿದಳು. ಪರದೆಯ ಮೇಲಿನ ಹೆಂಗಸು ಡಬ್ಬಿಯನ್ನು ಹೊಟ್ಟೆಗೆ ಒತ್ತಿ, ಗದ್ದದಿಂದ ಅಮುಕಿ, ಯಾರಾದರೂ ನೋಡಿಯಾರೆಂಬಂತೆ ಚಟ್ಟನೆ ನೆಟ್ಟಗಾಗುತ್ತಿದ್ದಳು. ಮೂರನೇ ಇಯತ್ತೆಯಲ್ಲಿ ಅವಳು ಬುತ್ತಿ ಡಬ್ಬಿಯನ್ನು ಹಲ್ಲಿನಿಂದ ಕಚ್ಚಿ ತೆರೆದಾಗ, ಟೀಚರು ಬೆನ್ನಿಗೆ ಅಳತೆಪಟ್ಟಿಯಿಂದ ಹೊಡೆದು, "ನಾಯಿ ಹಂಗ ಬಾಯಿ ಹಾಕಬ್ಯಾಡ" ಎಂದಿದ್ದರು. ಅಂದಿನಿಂದ ಅವಳು ಹಲ್ಲು ಬಿಟ್ಟಳು. ಗದ್ದ, ಹೊಟ್ಟೆ, ತೊಡೆಗಳನ್ನು ಬಿಡಲಾಗಲಿಲ್ಲ. ಬಿಟ್ಟರೆ ಬದುಕು ನಡೆಯುತ್ತಿರಲಿಲ್ಲ. ಆದ್ದರಿಂದ ಅವನ್ನು ಅಡಗಿಸಿದಳು. ಯಾರ ಕಣ್ಣಿಗೂ ಬೀಳದಷ್ಟು ಬೇಗ ಮಾಡುವುದನ್ನು ಕಲಿತಳು. 'ಒಂದ ಕೈಲೆ ಎಲ್ಲಾ ಮಾಡ್ತಾಳ' ಎಂದು ಊರು ಹೊಗಳಿತು, ಅವಳೂ ನಂಬಿದಳು. ದಾಖಲಿಸುವಾಗ ಕ್ಯಾಮೆರಾ ಎದುರಿಗಿದೆಯೆಂದು ಇನ್ನೂ ಚುರುಕಾಗಿ ಅಡಗಿಸಿದ್ದಳು.

"ಇದನ್ನ ಬಿಟ್ಟು ಬ್ಯಾರೆ ಹಾದಿ ಇಲ್ಲೇನು, ಮೌನೇಶಣ್ಣ?"

"ಏಕೆ ಬಿಡಬೇಕು? ಇದೇ ಕೆಲಸ. ಮಣಿಕಟ್ಟು ತಿರುಗಿಸುವುದು ಎಲ್ಲರಿಗೂ ಬರುತ್ತದೆ."

ಅವನು ಸಮಾಧಾನಕ್ಕಾಗಿ ಹೇಳಿರಲಿಲ್ಲ. ಹಾಗೆ ಹೇಳುವುದು ಅವನಿಗೆ ಬರುತ್ತಲೂ ಇರಲಿಲ್ಲ. ಅದಕ್ಕೇ ಆ ಮಾತು ಅವಳೊಳಗೆ ನೇರವಾಗಿ ಇಳಿಯಿತು. ಅವಳು ಕುರ್ಚಿ ಎಳೆದುಕೊಂಡು ಕೂತು, "ಮತ್ತೊಮ್ಮೆ ಹಾಕ್ರಿ. ಸಾವಕಾಶ," ಎಂದಳು.

ಗವಸು ಸಾಲದೆಂದ ಮೇಲೆ ಅಂಗಿ ಬೇಕಾಯಿತು. ಅಂಥ ಅಂಗಿ ಎಲ್ಲೂ ಮಾರಾಟಕ್ಕಿರಲಿಲ್ಲ, ಆದರೆ ಅವಳು ದರ್ಜಿ. ವಿದ್ಯುತ್ ಹರಿಯುವ ದಾರ ತರಿಸಿ, ಒಂದು ದಪ್ಪ ಹತ್ತಿಯ ತೋಳಿಲ್ಲದ ಅಂಗಿಯ ಮೇಲೆ ಕಸೂತಿಯಂತೆ ಗೆರೆ ಹಾಕಿದಳು. ಒತ್ತಡ ಬಿದ್ದ ಕಡೆ ದಾರಗಳು ಹತ್ತಿರವಾಗಿ ಮಾಪಕಕ್ಕೆ ತಿಳಿಸಬೇಕು. ಸೊಂಟಕ್ಕೆ ಒಂದು ಪಟ್ಟಿ, ತೊಡೆಗೆ ಒಂದು, ಗದ್ದದ ಕೆಳಗೆ ಒಂದು ಕೊರಳಪಟ್ಟಿ. ಅದನ್ನು ತೊಟ್ಟು, ಕಿಟಕಿ ತೆರೆದೇ ಇಟ್ಟು, ಓಣಿಯ ಮಂದಿ ನೋಡುತ್ತಿದ್ದರೂ ಡಬ್ಬಿಗೆ ಗದ್ದ ಒತ್ತಿದಳು. ಮೊದಲ ದಿನ ಕಣ್ಣು ಮತ್ತೆ ಮತ್ತೆ ಓಣಿಯ ಕಡೆ ಹೋಯಿತು. ಎರಡನೆಯ ದಿನ ಮರೆತೇಹೋಯಿತು.

ಇನ್ನೊಂದು ತೊಡಕು ಉಳಿದಿತ್ತು. ಏಣಿಮಲ್ಲನಿಗೆ ಗದ್ದವಿಲ್ಲ. ಮೆತ್ತನೆಯ ಹೊಟ್ಟೆಯಿಲ್ಲ. ಇರುವುದು ಕಬ್ಬಿಣದ ಎದೆ, ಏಣಿ ಹಿಡಿಯುವ ಕೊಕ್ಕೆಗಳು. ಇದಕ್ಕೆ ಮೌನೇಶ ಎರಡು ದಿನ ತೆಗೆದುಕೊಂಡ. ಆಮೇಲೆ ಹೇಳಿದ: ಗದ್ದ, ಹೊಟ್ಟೆ ಎಂದು ಬರೆಯುವುದೇ ತಪ್ಪು. ಅಲ್ಲಿ ಬೇಕಾಗಿರುವುದು 'ಅಲುಗಾಡದ್ದು'. ರೋಬೋಟ್ ತನ್ನ ಸುತ್ತ ನೋಡಿ, ಒತ್ತಿದರೆ ಹಿಂದಕ್ಕೆ ಸರಿಯದ ಒಂದು ಮೇಲ್ಮೈಯನ್ನು ತಾನೇ ಹುಡುಕಿಕೊಳ್ಳಲಿ. ಅದು ಗೋಡೆಯಾಗಬಹುದು, ಕಂಬ, ಮೂಲೆ, ತನ್ನದೇ ಎದೆ, ಏನಾದರೂ ಆಗಬಹುದು.

ಹತ್ತನೆಯ ದಿನ, ಅವರ ಕೋಣೆಯಲ್ಲಿ ಪ್ರಯೋಗಕ್ಕೆಂದು ಇಟ್ಟ ಹಳೆಯ ಯಂತ್ರದ ತೋಳು ಡಬ್ಬಿಯನ್ನು ಎತ್ತಿಕೊಂಡು ಒಂದು ಕ್ಷಣ ತಡೆಯಿತು. ಕಪಾಟಿಗೂ ಗೋಡೆಗೂ ನಡುವಿನ ಮೂಲೆಗೆ ಅದನ್ನು ಒತ್ತಿ ಇಟ್ಟು ಮುಚ್ಚಳ ತಿರುವಿತು. ಊಟದ ಡಬ್ಬಿ ತಂದಿದ್ದ ಸುವರ್ಣಾ ಬಾಗಿಲಲ್ಲೇ ನಿಂತು, "ಅಯ್ಯ! ಥೇಟ್ ನಮ್ಮ ದಾಕ್ಷೀನ!" ಎಂದಳು.

*

ಹದಿನಾಲ್ಕನೆಯ ದಿನ ಮಧ್ಯಾಹ್ನ ತಸ್ನೀಮ್‌ಳ ಫೋನು ಬಂತು. "ದಾಕ್ಷಾಯಣಿಯವರ, ಪರೀಕ್ಷಾ ನಾಳಿಗಲ್ಲ, ಈಗ. ಗಾಡಿ ಕಳಿಸೀನಿ, ಲಗೂನ ಬರ್ರಿ."

ಇಪ್ಪತ್ತೆರಡನೇ ಗೋಪುರದ ತುದಿಯಲ್ಲಿ ಏಣಿಮಲ್ಲ ಒಂದು ರೆಕ್ಕೆಯ ಮೋಟರನ್ನು ಬದಲಿಸುತ್ತಿದ್ದ. ಗಾಳಿ ಹೆಚ್ಚಾದಾಗ ರೆಕ್ಕೆಯನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿ ಇಡುವುದು ಆ ಮೋಟರಿನ ಕೆಲಸ. ಹಳೆಯದನ್ನು ಬಿಚ್ಚಿ ಇಳಿಸಿದ್ದ, ಹೊಸದನ್ನು ಕೂರಿಸುವ ಮುಂಚೆ ಅವನ ಎಡಗೈ ಸುಟ್ಟಿತು. ಈಗ ಆ ರೆಕ್ಕೆಗೆ ಹಿಡಿತವೇ ಇರಲಿಲ್ಲ. ನಾಲ್ಕು ಗಂಟೆಗೆ ಜೋರು ಗಾಳಿಯ ಮುನ್ಸೂಚನೆಯಿತ್ತು. ರೆಕ್ಕೆ ಮುಖ ತಿರುಗಿಸಿತೆಂದರೆ ರೆಕ್ಕೆಗಳ ದೊಡ್ಡ ಚಕ್ರ ತಡೆಯಿಲ್ಲದೆ ಸುತ್ತಿ ಗೋಪುರವನ್ನೇ ಮುರಿಯಬಹುದು. ಮನುಷ್ಯರು ಮೇಲೆ ಹೋಗುವ ಗಾಳಿಯ ಮಿತಿ ಆಗಲೇ ದಾಟಿತ್ತು. ಕೆಳಗಿನ ಹಾದಿಯಿಂದ ಜನರನ್ನು ದೂರ ಕಳಿಸಿದ್ದರು.

"ರೆಕ್ಕಿ ಅಲ್ಲಾಡದಂಗ ಒಂದು ಪಿನ್ ಹಾಕಿದ್ರ ಸಾಕ್ರಿ," ಎಂದಳು ತಸ್ನೀಮ್, ಪರದೆ ತೋರಿಸುತ್ತ. "ಈ ಕೈಚಕ್ರ ತಿರುಗಿಸಿ, ತೂತಿಗೆ ತೂತು ಕೂಡಿಸಿ, ಹಂಗ ಹಿಡಿದು, ಪಿನ್ ತೂರಸಬೇಕು. ಚಕ್ರಕ್ಕ ಒಂದ ಕೈ, ಪಿನ್ನಿಗೆ ಒಂದ ಕೈ."

ದಾಕ್ಷಾಯಣಿಗೆ ಅದು ತಟ್ಟನೆ ತಿಳಿಯಿತು. ಹೊಲಿಗೆ ಯಂತ್ರದ ಚಕ್ರವನ್ನು ಸೊಂಟದಿಂದ ಒತ್ತಿ ಹಿಡಿದು ಸೂಜಿಗೆ ದಾರ ಪೋಣಿಸುವ ಕೆಲಸವೇ ಇದು. ನಾಲ್ಕು ದಿನದ ಹಿಂದೆ ದಾಖಲಿಸಿದ್ದಳು. ಚಲನೆ ಮೇಲಕ್ಕೆ ಹೋಯಿತು. ಏಣಿಮಲ್ಲ ಬಲಗೈಯಲ್ಲಿ ಪಿನ್ ಎತ್ತಿಕೊಂಡ, ಬೆನ್ನು ಆನಿಸಲು ಹಿಂದಕ್ಕೆ ಬಾಗಿದ, ತಡೆದ. ಬಲಕ್ಕೆ ಬಾಗಿದ, ತಡೆದ. ಪರದೆಯ ಮೇಲೆ ಅಕ್ಷರ ಮೂಡಿತು: 'ಅಲುಗಾಡದ್ದು ಸಿಗಲಿಲ್ಲ.'

"ಏನ್ರೀ ಇದು?" ಎಂದರು ಕುಲಕರ್ಣಿ. "ಸುತ್ತ ನಾಕೂ ಕಡೆ ಉಕ್ಕಿನ ಗೋಡೆ ಅದ. ಸಿಗಲಿಲ್ಲಂದ್ರ?"

ತಸ್ನೀಮ್ ಅಂಕಿಗಳನ್ನು ನೋಡಿದಳು. "ಸರ್, ಗೋಪುರ ಓಲಾಡಾಕತ್ತೈತಿ. ತುದೀಗೆ ಅರ್ಧ ಮೀಟರ್. ಅಲ್ಲಿ ಅಲುಗಾಡದ್ದು ಅಂತ ಏನೂ ಇಲ್ಲ."

ಬೆಟಗೇರಿಯ ಬಡಿಗತನದ ಕೋಣೆಯಲ್ಲಿ ಯಾವ ಗೋಡೆಯೂ ಓಲಾಡಿರಲಿಲ್ಲ.

ಕುಲಕರ್ಣಿ ಮೌನೇಶನಿಗೆ ಫೋನು ಹಚ್ಚಿ, ಎತ್ತಿದ ಕೂಡಲೇ ಜೋರಾಗಿ ಶುರುಮಾಡಿದರು. ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಬೇರೆ ಬಡಿಯುತ್ತಿತ್ತು. ಅರ್ಧ ಮಾತಿಗೇ ಫೋನು ಕಡಿಯಿತು. "ಕಟ್ ಮಾಡಿದ್ನಲ್ಲ! ಎಂಥಾ ಬೇಜವಾಬ್ದಾರಿ ಮನಷ್ಯಾರಿ!"

"ನೀವು ಏನ ಅಂದ್ರಿ ಅಂತ ಅವರಿಗೆ ಕೇಳೇ ಇಲ್ಲರಿ," ಎಂದಳು ದಾಕ್ಷಾಯಣಿ. "ಒಂದ ನಿಮಿಷ ಯಾರೂ ಮಾತಾಡಬ್ಯಾಡ್ರಿ."

ಅವಳು ಕಣ್ಣು ಮುಚ್ಚಿದಳು. ತಾನು ಅಲುಗಾಡುವ ಜಾಗದಲ್ಲಿ ಎಂದಾದರೂ ಕೆಲಸ ಮಾಡಿದ್ದೇನೆಯೇ? ಮಾಡಿದ್ದಳು; ವಾರಕ್ಕೆ ಎರಡು ಸಲ. ಹುಬ್ಬಳ್ಳಿಯ ಬಸ್ಸಿನಲ್ಲಿ ನಿಂತು, ಬಟ್ಟೆಯ ಗಂಟನ್ನು ತೊಡೆಗಳ ನಡುವೆ ಇರುಕಿ, ಸೀಟಿನ ಬೆನ್ನಿಗೆ ಸೊಂಟ ಆನಿಸಿ ಚೀಲದಿಂದ ರೊಕ್ಕ ತೆಗೆದು ಟಿಕೀಟು ಕೊಂಡಿದ್ದಳು. ಬಸ್ಸು ಕುಣಿಯುತ್ತಿತ್ತು, ಸೀಟು ಕುಣಿಯುತ್ತಿತ್ತು, ಅವಳೂ ಅದರ ಜೊತೆಗೇ ಕುಣಿಯುತ್ತಿದ್ದಳು. ಆ ಸೀಟು ಅವಳ ಪಾಲಿಗೆ ಗಟ್ಟಿಯಾಗಿಯೇ ಇತ್ತು.

ಅವಳು ಮೊಬೈಲನ್ನು ಮೇಜಿನ ಅಂಚಿಗೆ ಹೊಟ್ಟೆಯಿಂದ ಒತ್ತಿ ಹಿಡಿದು, ಎಡಗೈಯಿಂದ ಮೌನೇಶನಿಗೆ ಬರೆದಳು. ಅವನಿಗೆ ಹೇಗೆ ಬರೆಯಬೇಕೆಂದು ಎಂಟು ತಿಂಗಳಲ್ಲಿ ಕಲಿತಿದ್ದಳು: ನಮಸ್ಕಾರ ಬೇಡ, ಅವಸರದ ಮಾತು ಬೇಡ, ಒಂದು ಸಲಕ್ಕೆ ಒಂದು ವಿಷಯ. 'ಗೋಪುರ ಓಲಾಡುತ್ತಿದೆ. ಅಲುಗಾಡದ್ದು ಎಂಬುದು ಇಲ್ಲಿ ತಪ್ಪು. ನನ್ನ ಜೊತೆಗೇ ಅಲುಗಾಡುವುದು ಎಂದಾಗಬೇಕು. ಗೋಡೆಗೂ ರೋಬೋಟಿನ ಎದೆಗೂ ನಡುವಿನ ದೂರ ಬದಲಾಗದಿದ್ದರೆ ಸಾಕು.'

ಎರಡು ನಿಮಿಷ ಏನೂ ಬರಲಿಲ್ಲ. ಆಮೇಲೆ ಬಂತು: 'ಸರಿ. ಅಲುಗಾಡದ್ದು ಎಂಬುದು ಹದಿನೇಳು ಕಡೆ ಇದೆ. ಹದಿಮೂರರಲ್ಲಿ ಬದಲಿಸಬೇಕು. ನಾಲ್ಕರಲ್ಲಿ ಬದಲಿಸಬಾರದು. ಮೂವತ್ತೊಂದು ನಿಮಿಷ.'

"ಮೂವತ್ತೊಂದು?" ಕುಲಕರ್ಣಿ ಗಡಿಯಾರ ನೋಡಿದರು. ಮೂರು ಗಂಟೆ ಇಪ್ಪತ್ತು ನಿಮಿಷವಾಗಿತ್ತು. "ತಸ್ನೀಮ್, ನಮ್ಮ ತಂತ್ರಾಂಶದಾಗ ಹದಿನೇಳೂ ಕಡೆ ಒಮ್ಮೆಲೆ ಬದಲಿ ಮಾಡಿಬಿಡು. ಅರ್ಧ ನಿಮಿಷದ ಕೆಲಸ."

"ಬ್ಯಾಡ್ರಿ."

"ಬಾಯಿಯವರ, ಗೋಪುರ ನಮ್ಮದು."

"ಚಲನಿ ನಮ್ಮದು," ಎಂದಳು ದಾಕ್ಷಾಯಣಿ. ಅವಳ ದನಿ ಏರಲಿಲ್ಲ. "ನಾಕರಾಗ ಬದಲಿ ಮಾಡಬಾರದು ಅಂದಾರ. ಯಾಕ ಅಂತ ನನಗ ಗೊತ್ತಿಲ್ಲ. ಅವರಿಗೆ ಗೊತ್ತೈತಿ. ನಾಕಕ್ಕ ನಿಮ್ಮ ಗೋಪುರ ಬಿದ್ರ, ಇಲ್ಲೇ ನಿಮ್ಮ ನೌಕರಿ ಕಾಗದಕ್ಕ ಸಹಿ ಮಾಡ್ತೀನಿ. ಈಗ ಮಾತ್ರ ಆ ಗಂಟಿ ಬಂದ್ ಮಾಡ್ರಿ."

ತಸ್ನೀಮ್ ಯಾರ ಅಪ್ಪಣೆಗೂ ಕಾಯದೆ ಗಂಟೆ ನಿಲ್ಲಿಸಿದಳು. ಆಮೇಲೆ ತನ್ನ ಪರದೆಯ ಮೇಲೆ ಆ ಹದಿನೇಳು ಜಾಗಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಹತ್ತು ನಿಮಿಷ ಕಳೆದ ಮೇಲೆ ಮೆಲ್ಲಗೆ, "ಸರ್," ಎಂದಳು. "ಆ ನಾಕು ಏಣೀ ಕೊಕ್ಕಿವು. ಅವನ್ನೂ ಬದಲಿ ಮಾಡಿದ್ರ, ತನ್ನ ಜೊತಿಗೆ ಬೀಳೂ ವಸ್ತೂನೂ ಗಟ್ಟಿ ಅಂತ ತಿಳಕೊಂಡು ಅದನ್ನ ಹಿಡೀತಿದ್ದ. ನೂರಿಪ್ಪತ್ತು ಮೀಟರ್ ಕೆಳಗ ಬರತಿದ್ದ."

ಕುಲಕರ್ಣಿ ಕುರ್ಚಿಯಲ್ಲಿ ಕೂತರು.

ಗಾಳಿಯ ವೇಗ ಸೆಕೆಂಡಿಗೆ ಹದಿನೆಂಟು ಮೀಟರ್ ಆಯಿತು, ಹತ್ತೊಂಬತ್ತಾಯಿತು. ಪರದೆಯಲ್ಲಿ ಹಿಡಿತವಿಲ್ಲದ ರೆಕ್ಕೆ ಒಮ್ಮೆ ಸಣ್ಣಗೆ ಹೊರಳಿ ಮತ್ತೆ ಮರಳಿತು. ಮೂವತ್ತು ನಿಮಿಷವಾಯಿತು. ದಾಕ್ಷಾಯಣಿ ಮೌನೇಶನಿಗೆ ಇನ್ನೊಂದು ಸಂದೇಶ ಕಳಿಸಬೇಕೆಂಬ ಆಸೆಯನ್ನು ಬೆರಳಲ್ಲೇ ತಡೆದಳು. ಮೂವತ್ತೊಂದಕ್ಕೆ ಚಲನೆ ಬಂತು; ಅದರ ಜೊತೆ ಒಂದು ಪದವೂ ಹೆಚ್ಚಿರಲಿಲ್ಲ.

ಏಣಿಮಲ್ಲ ಹಿಂದಕ್ಕೆ ಬಾಗಿದ. ಓಲಾಡುವ ಗೋಡೆಗೆ ಬೆನ್ನು ಆನಿಸಿದ. ಗೋಡೆ ಬಲಕ್ಕೆ ಹೋದಾಗ ಅವನೂ ಹೋದ, ಎಡಕ್ಕೆ ಬಂದಾಗ ಅವನೂ ಬಂದ. ಸೊಂಟದಿಂದ ಕೈಚಕ್ರವನ್ನು ತಳ್ಳಿದ. ಅದು ಒಂದಿಷ್ಟು ಮುಂದೆ ಹೋಗಿ ಹಿಂದೆ ಜಾರಿತು. ಮತ್ತೆ ತಳ್ಳಿದ. ತೂತಿನಂಚಿನಲ್ಲಿ ಅರ್ಧ ಚಂದ್ರದಷ್ಟು ಬೆಳಕು ಕಂಡಿತು, ತುಂಬಿತು, ದುಂಡಗಾಯಿತು. ಸೊಂಟ ಹಾಗೇ ಬಿಗಿದಿಟ್ಟು, ಬಲಗೈ ಪಿನ್ನನ್ನು ತಂದು ಮೊದಲು ಅಂಚಿಗೆ ಮುಟ್ಟಿಸಿ, ದಾರದ ತುದಿಯನ್ನು ಸೂಜಿಯ ಕಣ್ಣಿಗೆ ಮುಟ್ಟಿಸುವಂತೆ ತುಸು ಹೊರಳಿಸಿ, ಒಳಗೆ ನೂಕಿತು.

ಹಸಿರು ದೀಪ ಹತ್ತಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ತಸ್ನೀಮ್ ದಾಕ್ಷಾಯಣಿಯ ಹೆಗಲನ್ನು ಗಟ್ಟಿಯಾಗಿ ಹಿಡಿದಳು. ದಾಕ್ಷಾಯಣಿ ಮೌನೇಶನಿಗೆ ಬರೆದಳು: '3:55. ಪಿನ್ ಕೂತಿತು.' ಅವನ ಉತ್ತರ ಬಂತು: 'ಊಟ ಮಾಡುತ್ತೇನೆ.'

*

ಕುಲಕರ್ಣಿ ಮರುದಿನವೇ ಹೊಸ ಕರಾರುಪತ್ರ ಕಳಿಸಿ, ಸಂಜೆಯೊಳಗೆ ಸಹಿ ಬೇಕೆಂದರು. ನೌಕರಿಯ ಮಾತು ಅದರಲ್ಲಿರಲಿಲ್ಲ. ಚಲನೆಗಳು ದಾಕ್ಷಾಯಣಿ, ಮೌನೇಶರವೇ, ಕಂಪನಿ ಬಳಸಿದಷ್ಟಕ್ಕೆ ಬೆಲೆ, ಬೇರೆಯವರಿಗೂ ಕೊಡಬಹುದು, ಇಬ್ಬರ ಹೆಸರೂ ಇರುತ್ತದೆ. ಸುವರ್ಣಾ ಓದಿಸಿಕೊಂಡು ಕೇಳಿ, "ಮತ್ತ್ಯಾಕ ತಡ?" ಎಂದಳು. ಮೌನೇಶ ಹನ್ನೊಂದು ಪುಟಗಳನ್ನು ಮೂರು ದಿನ ಓದಿದ. ಕುಲಕರ್ಣಿ ದಿನಕ್ಕೆರಡು ಸಲ ಫೋನು ಮಾಡಿದರು, ದಾಕ್ಷಾಯಣಿ ಎರಡು ಸಲವೂ "ಓದಾಕತ್ತಾರ್ರಿ" ಎಂದಳು. ಅವಸರ ಅವರಿಗಿತ್ತು. ಹೊಸ ಮೋಟರು ಕೂರಿಸಬೇಕಾದರೆ ಪಿನ್ ಹೊರಗೆ ಬರಬೇಕು. ಗಾಳಿ ಇನ್ನೂ ಮನುಷ್ಯರು ಹತ್ತುವ ಮಿತಿಗೆ ಇಳಿದಿರಲಿಲ್ಲ, ಏಣಿಮಲ್ಲನ ಹೊಸ ಕೈ ಇನ್ನೂ ಹಡಗಿನಲ್ಲಿತ್ತು.

ನಾಲ್ಕನೆಯ ದಿನ ಕುಲಕರ್ಣಿಯೇ ಬೆಟಗೇರಿಗೆ ಬಂದರು. ಮೌನೇಶ ಒಂಬತ್ತನೇ ಪುಟ ತೆರೆದಿಟ್ಟ. "ಇಲ್ಲಿ, ಈ ಖರೀದಿ ಕಂಪನಿಯ ಸಮಾಜಸೇವೆಯ ವಿಭಾಗದಿಂದ ಎಂದಿದೆ. ಅಂಗವಿಕಲರ ಉತ್ತೇಜನಕ್ಕೆ, ಎಂದು. ಇದು ತಪ್ಪು ಮಾಹಿತಿ."

"ಅಲ್ರೀ, ಅದು ಬರೇ ಕಾಗದದ ಮಾತು. ಆ ವಿಭಾಗದಾಗ ಲಗೂನ ಮಂಜೂರಿ ಸಿಗ್ತದ, ಅಷ್ಟ."

"ಪಿನ್ನನ್ನು ಯಾವ ವಿಭಾಗದಿಂದ ಕೊಂಡಿದ್ದೀರಿ?"

"ಪಿನ್ನು? ಬಿಡಿಭಾಗದ ವಿಭಾಗ."

"ಹಾಗಿದ್ದರೆ ಇದೂ ಬಿಡಿಭಾಗ."

ಕುಲಕರ್ಣಿ ದಾಕ್ಷಾಯಣಿಯ ಮುಖ ನೋಡಿದರು. ಅವಳು, "ಮುಂದಿನ ವರ್ಷ ನಿಮ್ಮ ಸೇವಾದ ಮನಸ್ಸು ಬದಲಾಗಿ ನಮ್ಮ ಧಂದೆ ನಿಂತ್ರ ಹ್ಯಾಂಗರಿ?" ಎಂದಳು. "ಪಿನ್ನು ಮಾತ್ರ ಪ್ರತಿ ವರ್ಷ ಬೇಕಽ ಬೇಕಲ್ಲ."

ಅವರು ಪೆನ್ನು ತೆಗೆದು ಆ ಸಾಲು ಹೊಡೆದು, ಹೊಸದನ್ನು ಬರೆದರು. ಸಹಿಯಾಯಿತು. ಗಂಟೆಯೊಳಗೆ ಬಿಡಿಭಾಗ ವಿಭಾಗದ ಮೊದಲ ಬೇಡಿಕೆ ಬಂತು. ಬೇರಿಂಗ್ ನಾಲ್ಕು, ಬ್ರಷ್ ಹನ್ನೆರಡು ಎಂಬ ಸಾಲುಗಳ ಕೆಳಗೆ, ಅದೇ ಅಕ್ಷರದಲ್ಲಿ: 'ಒಂಟಿಗೈ ಚಲನೆ, ಪಿನ್ ಹೊರತೆಗೆಯಲು. ಒಂದು. ತುರ್ತು.'

"ಬೇರಿಂಗ್ ಸಾಲಿನ್ಯಾಗ ನನ್ನ ತಂಗೀನ್ನ ಬರದಾರಲ್ಲಽ!" ಎಂದು ಸುವರ್ಣಾ ಮೂಗು ಮುರಿದಳು. ಅದೇ ಕಾಗದವನ್ನು ಓಣಿಯಲ್ಲಿ ಎಷ್ಟು ಮನೆಗೆ ತೋರಿಸಿದಳೋ ಲೆಕ್ಕವಿಲ್ಲ.

ದಾಕ್ಷಾಯಣಿ ಅಂಗಿ ತೊಟ್ಟು, ಮಾದರಿಯ ಪಿನ್ನಿನ ಎದುರು ನಿಂತಳು. ಮೌನೇಶ ಬೇಡಿಕೆಯನ್ನು ಎರಡು ಸಲ ಓದಿದ.

"ತೆಗೆದ ಪಿನ್ನನ್ನು ಎಲ್ಲಿ ಇಡಬೇಕು? ಬರೆದಿಲ್ಲ. ಅದು ಕೈಯಲ್ಲೇ ಇದ್ದರೆ ಮುಂದಿನ ಕೆಲಸಕ್ಕೆ ಕೈ ಇರುವುದಿಲ್ಲ."

"ಎರಡ ಕೈ ಇದ್ದವರು ಅದನ್ನೆಲ್ಲ ಎಲ್ಲಿ ಬರೀತಾರಣ್ಣ?" ಎಂದಳು ದಾಕ್ಷಾಯಣಿ. ಎಡಗೈಯಿಂದ ಪಿನ್ನನ್ನು ಹೊರಗೆಳೆದು, ಒಂದು ಗಳಿಗೆ ಯೋಚಿಸಿ, ಅದನ್ನು ಬಲಕಂಕುಳಲ್ಲಿ ಗಟ್ಟಿಯಾಗಿ ಇರುಕಿಕೊಂಡಳು. "ಇದನ್ನ ಬರಕೊಳ್ರಿ."